ಹುಲಿಯ ಬೆನ್ನು ಕೆರೆಯುವ ಕೆಲಸ

ಬಣ್ಣ ಹಚ್ಚಿಸಿಕೊಂಡು ನಿಂತ ಹುಲಿಗೆ ಬೆನ್ನು ತುರಿಸತೊಡಗಿದರೆ ಏನು ಗತಿ? ಕೈ ಇಳಿಸುವಂತಿಲ್ಲ, ಗೋಡೆಗೆ ಒರಗುವಂತಿಲ್ಲ, ಕೂರುವ ಮಾತಂತೂ ಇಲ್ಲವೇ ಇಲ್ಲ. ಮಂಗಳೂರಿನ ನಮ್ಮ ಕೇರಿಯ ತಂಡದಲ್ಲಿ ಇದಕ್ಕೆಂದೇ ಒಂದು ಹುದ್ದೆಯಿತ್ತು. ಹುಲಿಯಾಗುವ ಮೈಕಟ್ಟಿಲ್ಲದ ನನಗೆ ಅದು ತಾನಾಗಿ ಒಲಿದು ಬಂತು. ಹಿಡಿಸೂಡಿಯ ಕಡ್ಡಿ ಹಿಡಿದು, ಬಣ್ಣ ಕೆಡದ ಹಾಗೆ ಮೆಲ್ಲಗೆ ಕೆರೆಯಬೇಕು. "ಸ್ವಲ್ಪ ಎಡಕ್ಕೆ ಮಾರಾಯ, ಇನ್ನೂ ಕೆಳಗೆ" ಎಂದು ಹುಲಿಯೊಂದು ಗೋಗರೆಯುವುದನ್ನು ಕೇಳಿದವನು ಮುಂದೆ ಯಾವ ಮೇಲಧಿಕಾರಿಯ ಗರ್ಜನೆಗೂ ಬೆಚ್ಚುವುದಿಲ್ಲ.

ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಕುಣಿತ ಮಾತ್ರ. ನಮಗೆ ಹುಲಿವೇಷ ಶುರುವಾಗುವುದು ಊದುಪೂಜೆಯ ರಾತ್ರಿ. ತಾಸೆ, ಡೋಲು, ಹುಲಿಯ ತಲೆ, ಪಟ್ಟೆ ಚಡ್ಡಿ ಎಲ್ಲವನ್ನೂ ದೇವರ ಮುಂದಿಟ್ಟು ಧೂಪ ಹಾಕುತ್ತಾರೆ. ಆಮೇಲೆ ಮೈಕೂದಲು ಬೋಳಿಸಿಕೊಂಡು, ಕೋಲುಗಳ ಮೇಲೆ ಕೈಯಾನಿಸಿ ನಿಂತವನಿಗೆ ಹಳದಿ ಪೇಂಟು ಬಳಿಯುತ್ತಾರೆ. ಅದು ಒಣಗುವ ತನಕ ನಿಂತೇ ಇರಬೇಕು. ಬಳಿಕ ಕುಂಚದಲ್ಲಿ ಪಟ್ಟೆ ಎಳೆದರೆ ಪಟ್ಟೆಪಿಲಿ, ಚುಕ್ಕೆ ಇಟ್ಟರೆ ಚಿಟ್ಟೆಪಿಲಿ; ಪಿಲಿ ಎಂದರೆ ತುಳುವಿನಲ್ಲಿ ಹುಲಿ. ವೇಷ ಕಳಚುವ ದಿನ ಸೀಮೆಎಣ್ಣೆ, ತೆಂಗಿನೆಣ್ಣೆ ಹಾಕಿ ತಿಕ್ಕಿದರೂ ಕಿವಿಯ ಹಿಂದೆ ಒಂದಿಷ್ಟು ಹುಲಿ ಉಳಿದೇ ಉಳಿಯುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದರೆ ಹಿರಿಯರದು ಒಂದೇ ಉತ್ತರ: ಹರಕೆ. ಹುಲಿ ದೇವಿಯ ವಾಹನ. ಮಗು ಕಾಯಿಲೆ ಬಿದ್ದಾಗ "ಗುಣವಾದರೆ ಹುಲಿ ಹಾಕಿಸುತ್ತೇವೆ" ಎಂದು ತಾಯಿ ಕೈಮುಗಿದಿರುತ್ತಾಳೆ. ಘಟ್ಟದ ಮೇಲಿನ ಊರುಗಳಲ್ಲಿ ಇದೇ ಹರಕೆಯ ಹುಲಿ ಮೊಹರಂನಲ್ಲಿ ಕುಣಿಯುತ್ತದೆ. ಉಡುಪಿಯಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಹುಲಿ ಬೀದಿಗಿಳಿದರೆ, ನಮ್ಮಲ್ಲಿ ಮಾರ್ನೆಮಿಗೆ, ಅಂದರೆ ನವರಾತ್ರಿಗೆ. ಮಂಗಳಾದೇವಿಯ ರಥದ ಮುಂದೆಯೂ ಹುಲಿಗಳು, ಕುದ್ರೋಳಿಯ ದಸರಾ ಮೆರವಣಿಗೆಯಲ್ಲೂ ಹುಲಿಗಳು. ಆ ಕುದ್ರೋಳಿಯ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠಾಪಿಸಿದವರು ನಾರಾಯಣ ಗುರುಗಳು, ಬೇರೆ ಗುಡಿಗಳ ಬಾಗಿಲು ಮುಚ್ಚಿದ್ದ ಜನರಿಗಾಗಿ. ಇಂದು ಆ ಮೆರವಣಿಗೆ ನೋಡಲು ಊರಿಗೆ ಊರೇ ರಾತ್ರಿಯಿಡೀ ನಿದ್ದೆಗೆಡುತ್ತದೆ.

ತಂಡಕ್ಕೆ ತನ್ನದೇ ಗತ್ತು ಕೊಡುವುದು ತಾಸೆ. ಕಾಗದ ಉರಿಸಿ ಚರ್ಮ ಕಾಯಿಸಿ ಬಿಗಿ ಮಾಡಿಕೊಂಡು ಎರಡು ತೆಳ್ಳನೆಯ ಕಡ್ಡಿಗಳಲ್ಲಿ ಪೆಟ್ಟು ಶುರು ಮಾಡಿದರೆ, ತಾಸೆಯವನು ಓಡಿಸಿದತ್ತ ಹುಲಿ ಓಡಬೇಕು. ಅಕ್ಕಿಮುಡಿ ಎತ್ತುವ ಹೊತ್ತಿಗೆ ಪೆಟ್ಟು ಬಿರುಸಾಗುತ್ತದೆ. ಬೈಹುಲ್ಲಿನಲ್ಲಿ ಬಿಗಿದ, 40 ಕಿಲೋ ಆಸುಪಾಸಿನ ಮುಡಿಯನ್ನು ಹಲ್ಲಲ್ಲಿ ಕಚ್ಚಿ, ಕತ್ತು ಕೊಡವಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ಎಸೆದವನ ಹೆಸರನ್ನು ಯಾರೂ ಕೇಳುವುದಿಲ್ಲ. "ಯಾವ ಕೇರಿಯ ಹುಲಿ?" ಎಂದಷ್ಟೇ ಕೇಳುತ್ತಾರೆ. ಆ ಕ್ಷಣಕ್ಕೆ ತಾಸೆಯವನು, ಬಣ್ಣದವನು, ಕಾಣಿಕೆಯ ಲೆಕ್ಕ ಬರೆಯುವವನು, ಕಡ್ಡಿ ಹಿಡಿದ ನಾನು, ಎಲ್ಲರೂ ಸೇರಿಯೇ ಆ ಮುಡಿ ಎಸೆದಂತೆ ಎದೆಯುಬ್ಬಿಸುತ್ತೇವೆ.

2014ರಲ್ಲಿ 'ಉಳಿದವರು ಕಂಡಂತೆ' ಸಿನಿಮಾ ಬಂದ ಮೇಲೆ ತಾಸೆಯ ಪೆಟ್ಟು ಬೆಂಗಳೂರಿನವರ ಮೊಬೈಲಿಗೂ ಹೊಕ್ಕಿತು. ಈಗ ವೇದಿಕೆ, ಸ್ಪರ್ಧೆ, ತೀರ್ಪುಗಾರರು ಎಲ್ಲ ಇದ್ದಾರೆ; ಹೆಣ್ಣುಮಕ್ಕಳೂ ಹುಲಿಗಳಾಗಿ ಕುಣಿಯುತ್ತಾರೆ. ಗಲ್ಫಿನಲ್ಲಿ ಸೂಪರ್‌ವೈಸರ್ ಆಗಿರುವ ಗೆಳೆಯನೊಬ್ಬ ಮಾರ್ನೆಮಿಗೆ ರಜೆ ಹಾಕಿ ಬಂದೇ ಬರುತ್ತಾನೆ. ಇಲ್ಲಿ ಅವನು ಸಾಲಿನಲ್ಲಿ ಮೂರನೆಯ ಹುಲಿ. ಮಿಸುಕಾಡಿದರೆ ಬಣ್ಣದವನ ಬಾಯಿಗೆ ಬೀಳುತ್ತಾನೆ. "ಬೈಗುಳ ತಿನ್ನಲಿಕ್ಕೆ ವಿಮಾನದ ಖರ್ಚು ಬೇರೆಯಾ?" ಎಂದು ಬೆನ್ನು ಕೆರೆಯುತ್ತ ಕೇಳಿದೆ. "ಬೈಯುವವರು ಅಲ್ಲಿಯೂ ಧಾರಾಳ ಇದ್ದಾರೆ," ಎಂದ ಹುಲಿ, "ಆದರೆ ತುಳುವಿನಲ್ಲಿ ಬೈಯುವವರು ಒಬ್ಬರೂ ಇಲ್ಲ ನೋಡು."