ಕರ್ಚೀಫಿನ ವಾಸನೆ

ಕರ್ಚೀಫನ್ನು ಒಗೆಯುವ ಮೊದಲು ಮೂಸಿ ನೋಡುವ ಅಭ್ಯಾಸ ನಮ್ಮಮ್ಮನಿಗೆ ಅಂಟಿ ಆರು ತಿಂಗಳಾಯಿತು. ನಗಬೇಡಿ, ಮಿತ್ರರೆ.

ಜೂನ್ ತಿಂಗಳಲ್ಲಿ, ಒಂಬತ್ತನೇ ಇಯತ್ತೆಯ ನನ್ನ ತಮ್ಮನ ಕರ್ಚೀಫು ಸೈಕಲ್ ಅಂಗಡಿಯ ಹಾಗೆ ನಾರುತ್ತಿತ್ತು. ಪಂಕ್ಚರ್ ಹಾಕಿಸಿರಬೇಕು ಅಂದುಕೊಂಡಳು ಅಮ್ಮ. ನಮ್ಮಲ್ಲಿ ಸೈಕಲ್ಲೇ ಇಲ್ಲ!

ಪಂಕ್ಚರ್ ಸೊಲ್ಯೂಷನ್. ಬಟ್ಟೆಗೆ ಹಚ್ಚಿ ಮೂಸುವುದು. ಅಮಲು ಪದಾರ್ಥ ಅಂದರೆ ಸಿನೆಮಾದ ಬಿಳಿ ಪುಡಿ ಅಂತ ತಿಳಿದಿದ್ದವರು ನಾವು. ಇದು 1985ರ ಮಾದಕ ವಸ್ತು ಕಾಯ್ದೆಯೊಳಗೂ ಬರುವುದಿಲ್ಲ, ಸೈಕಲ್ ಅಂಗಡಿಯ ಸಾಮಾನು. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 10ರಿಂದ 17 ವರ್ಷದವರಲ್ಲಿ ನೂರಕ್ಕೆ 1.17 ಮಂದಿ ಇಂಥದನ್ನು ಮೂಸುವವರು, ದೊಡ್ಡವರಲ್ಲಿ 0.58. ಬೇರೆಲ್ಲ ಅಮಲಿನಲ್ಲಿ ದೊಡ್ಡವರೇ ಮುಂದೆ, ಇದೊಂದರಲ್ಲಿ ಮಕ್ಕಳು.

ಅಪ್ಪಯ್ಯ ಹೋಟೆಲಿನ ಗಲ್ಲೆ ಮುಚ್ಚಿ ಬರುವಾಗ ರಾತ್ರಿ ಹನ್ನೆರಡು. ಒಂದು ದಿನ ಬೇಗ ಬಂದವರು ಚಾಳಿನ ಸಂಡಾಸಿನ ಹಿಂದೆ ಇವನನ್ನು ಕಂಡರು. ಬೊಬ್ಬೆ ಹೊಡೆದು, ಅಟ್ಟಿಸಿಕೊಂಡು ಹೋಗಿ, ಹಿಡಿದು ಬಡಿದರು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇದನ್ನು ಕೇಳಿ ಪೆನ್ನು ಕೆಳಗಿಟ್ಟರು. ಮೂಸಿದ ಹೊತ್ತಿನಲ್ಲಿ ಹೆದರಿಸಿ ಓಡಿಸಿದರೆ ಹೃದಯ ಅಲ್ಲಿಗೇ ನಿಲ್ಲಬಹುದಂತೆ, ಮೊದಲ ಸಲ ಮೂಸಿದವನದ್ದೂ. ಅಪ್ಪಯ್ಯನ ಕೈ ನಡುಗಿದ್ದನ್ನು ನಾನು ನೋಡಿದ್ದು ಅಂದೇ.

ಆಮೇಲೆ ಅವರು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಇವನ ಮೂವರು ದೋಸ್ತರ ಹೆಸರು ಹೇಳಿ." ಅಪ್ಪಯ್ಯ ಅಮ್ಮನ ಮುಖ ನೋಡಿದರು, ಅಮ್ಮ ನನ್ನ ಮುಖ. ನನಗೂ ಗೊತ್ತಿರಲಿಲ್ಲ.

ನನ್ನ ಕಾಲ ಬೇರೆ ಇತ್ತು. ಮುನಿಸಿಪಾಲಿಟಿಯ ಕನ್ನಡ ಶಾಲೆ. ನಾನು ಪಾಠ ಗಟ್ಟಿಯಾಗಿ ಓದಿದರೆ ಅಮ್ಮ ಒಲೆಯ ಬಳಿಯಿಂದಲೇ ತಪ್ಪು ತಿದ್ದುತ್ತಿದ್ದಳು. ಪಾಠದ ಜೊತೆ ಮಾಸ್ತರರ ಸುದ್ದಿ, ಗೆಳೆಯರ ಜಗಳ ಎಲ್ಲ ಹೊರಗೆ ಬರುತ್ತಿತ್ತು. ತಮ್ಮನನ್ನು ಇಂಗ್ಲಿಷ್ ಶಾಲೆಗೆ ಹಾಕಿಸಿದ್ದು ನನ್ನದೇ ಹಟ. ಕಾಲೇಜಿನಲ್ಲಿ ಇಂಗ್ಲಿಷಿಗಾಗಿ ನಾನು ಪಟ್ಟ ಪಾಡು ಅವನಿಗೆ ಬೇಡ ಅಂತ. ಶಾಲೆಯ ತಪ್ಪು ಅನ್ನುತ್ತಿಲ್ಲ. ಆದರೆ ಅವನ ಪುಸ್ತಕ ಅಮ್ಮನಿಗೆ ತಿಳಿಯಲಿಲ್ಲ, ಹಾಗೆಯೇ ಅವನ ದಿನವೂ ತಿಳಿಯದೆ ಹೋಯಿತು. ಕೇಳಿದವರೂ ಇಲ್ಲ, ನಾನೂ ಸೇರಿ.

ಈಗ ಅಪ್ಪಯ್ಯ ಬೆಳಗಿನ ಪಾಳಿ ಕೇಳಿ ಪಡೆದಿದ್ದಾರೆ. ತಿಂಗಳಿಗೆ ಎರಡು ಸಾವಿರ ಖೋತಾ. ರಾತ್ರಿ ನಾಲ್ವರೂ ಒಟ್ಟಿಗೆ ಊಟ. ತಮ್ಮ ಆ ದಿನದ ಪಾಠವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಹೇಳ್ತಾನೆ, ಸಿಡುಕ್ತಾ ಹೇಳ್ತಾನೆ. ಅವನ ದೋಸ್ತರು ಒಂದೆರಡು ಸಲ ಮನೆಗೆ ಬಂದು ನೀರುದೋಸೆ ತಿಂದು ಹೋದರು. (ಸರಕಾರದ 14446 ನಂಬರಿಗೆ ಪುಕ್ಕಟೆ ಫೋನ್ ಮಾಡಿ ಸಲಹೆ ಕೇಳಬಹುದು ಅಂತ ನನಗೆ ತಿಳಿದದ್ದು ತಡವಾಗಿ. ನಿಮಗೆ ಮೊದಲೇ ತಿಳಿದಿರಲಿ.)

ದೀಪಾವಳಿಯ ಹೊತ್ತಿಗೆ ಒಮ್ಮೆ ಮತ್ತೆ ಮೂಸಿದ. ಈ ಸಲ ಮರುದಿನ ಅವನೇ ಬಂದು ಹೇಳಿದ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, "ಉಂಡ್ಯಾ?" ಅಂದರು. ಅವನು ಅತ್ತುಬಿಟ್ಟ.

ಮೊನ್ನೆ ಅಮ್ಮ ಕರ್ಚೀಫು ಮೂಸುವಾಗ ಅವನು ಬಾಗಿಲಲ್ಲೇ ನಿಂತಿದ್ದ. "ಬರೀ ಬೆವರಮ್ಮಾ," ಅಂದ.

ಅಮ್ಮ ಇನ್ನೊಮ್ಮೆ ಮೂಸಿ ನೋಡಿ ಬಕೇಟಿಗೆ ಹಾಕಿದಳು.