ಶುವೈಖ್ ದಾರಿಯಲ್ಲಿ ಬಿಸಿಲಿನ ಪರ ವಕಾಲತ್ತು

ಅಬ್ಬಾಸಿಯಾದಿಂದ ಘಜಾಲಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಫರ್ವಾನಿಯಾ ಬಲಕ್ಕೆ ಸರಿಯುತ್ತದೆ. ಮುಂದೆ ಶುವೈಖ್ ಕೈಗಾರಿಕಾ ಪ್ರದೇಶ, ಕುವೈತಿನ ಗ್ಯಾರೇಜುಗಳ ಬೀಡು. ನಾನು ಅತ್ತ ಹೊರಟಿದ್ದು ತಲೆಯಲ್ಲೊಂದು ತಕರಾರು ಇಟ್ಟುಕೊಂಡೇ. ಓಡುತ್ತಿದ್ದ ಕಾರು ನಡುರಸ್ತೆಯಲ್ಲಿ ಆಫ್ ಆದರೆ ಇಲ್ಲಿ ಮೊದಲ ಆರೋಪಿ ಬಿಸಿಲು. ಆರೋಪಕ್ಕೆ ಬಲವೂ ಇದೆ: 2016ರ ಜುಲೈ 21ರಂದು ಇದೇ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆದರೆ ಅದೇ ಬಿಸಿಲಲ್ಲಿ ಪಕ್ಕದ ಲೇನಿನ ಕಾರು ಓಡುತ್ತಲೇ ಇರುತ್ತದಲ್ಲ? ಕಾರ್ಬೊರೇಟರ್ ಕಾಲದಲ್ಲಿ ಈ ದೂರು ನ್ಯಾಯವಾಗಿಯೇ ಇತ್ತು. ಎಂಜಿನ್ನಿಗೆ ಅಂಟಿಕೊಂಡ ಪಂಪು ಪೆಟ್ರೋಲನ್ನು ದೂರದ ಟ್ಯಾಂಕಿನಿಂದ ಹೀರಬೇಕಿತ್ತು. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಸುತ್ತ ಕಾವು ಹೆಚ್ಚು, ಪೆಟ್ರೋಲು ಆವಿಯಾಗಿ ಎಂಜಿನ್ ಸೊರಗುತ್ತಿತ್ತು. ಈಗ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ತಳ್ಳುತ್ತದೆ. ಒತ್ತಡ ಏರಿದಷ್ಟೂ ಕುದಿಬಿಂದು ಏರುವುದರಿಂದ ಹಳೆಯ ವಿವರಣೆ ಇಲ್ಲಿ ಸಲ್ಲದು.

ನನ್ನ ಸಂಶಯವೆಲ್ಲ ಆ ಪಂಪನ್ನು ತಯಾರಿಸಿದ ಕಾರ್ಖಾನೆಯ ಮೇಲೆ. 2020ರ ಜನವರಿಯಲ್ಲಿ ಟೊಯೋಟಾ, ಡೆನ್ಸೋ ಕಂಪನಿಯ ಪಂಪಿದ್ದ ಕಾರುಗಳನ್ನು ವಾಪಸು ಕರೆಯಲು ಶುರುಮಾಡಿತು. ವರ್ಷ ಮುಗಿಯುವಷ್ಟರಲ್ಲಿ ಸಂಖ್ಯೆ ಜಗತ್ತಿನಾದ್ಯಂತ 58 ಲಕ್ಷ ದಾಟಿತು. ಪಂಪಿನೊಳಗೆ ತಿರುಗುವ ಪ್ಲಾಸ್ಟಿಕ್ ಚಕ್ರ, ಇಂಪೆಲ್ಲರ್, ಇರಬೇಕಾದಷ್ಟು ಸಾಂದ್ರವಾಗಿರಲಿಲ್ಲ. ಮೈಮೇಲೆ ಬಿರುಕು ಬಿಟ್ಟು, ಪೆಟ್ರೋಲು ಕುಡಿದು ಊದಿಕೊಂಡು, ಪಂಪಿನ ಗೋಡೆಗೆ ಉಜ್ಜಿ ನಿಂತುಬಿಡುತ್ತಿತ್ತು. ಇಂಪೆಲ್ಲರ್ ದೋಷಕ್ಕಾಗಿಯೇ 2021ರ ಏಪ್ರಿಲ್‌ನಲ್ಲಿ ಹೋಂಡಾ ಭಾರತದಲ್ಲಿ 77,954 ಕಾರುಗಳನ್ನು ಕರೆಸಿಕೊಂಡಿತು. ಉಡುಪಿಯ ಮಳೆಯಲ್ಲಿ ಓಡುವ ಹೋಂಡಾ ಸಿಟಿಗೂ ಆ ಕರೆ ಅನ್ವಯಿಸಿದ ಮೇಲೆ ಮರುಭೂಮಿಯನ್ನೇ ದೂರುವುದು ಹೇಗೆ? ಬೇಸಿಗೆಯಲ್ಲೇ ಪಂಪು ಹೆಚ್ಚು ಕೈಕೊಡುತ್ತದೆ ಎನ್ನುವವರಿಗೆ ನನ್ನ ಅರ್ಧ ಒಪ್ಪಿಗೆಯಿದೆ. ಮೋಟಾರನ್ನು ತಣಿಸುವುದು ಸುತ್ತಲಿನ ಪೆಟ್ರೋಲೇ. ಅದೇ ಬಿಸಿಯಾದರೆ ಸವೆದ ಪಂಪು ಮೊದಲು ಸೋಲುತ್ತದೆ. ಟ್ಯಾಂಕು ತಳ ಕಾಣುವವರೆಗೆ ಓಡಿಸುವುದೂ ಅದಕ್ಕೆ ಒಳ್ಳೆಯದಲ್ಲ. (ಇಷ್ಟು ಅಗ್ಗದ ಪೆಟ್ರೋಲಿನ ದೇಶದಲ್ಲಿ ಆ ಜಿಪುಣತನ ಯಾಕೋ!) ಆದರೂ ಗಟ್ಟಿ ಪಂಪು ಇದನ್ನೆಲ್ಲ ವರ್ಷಗಟ್ಟಲೆ ತಾಳಿಕೊಳ್ಳುತ್ತದೆ.

ಗಂಟೆಗೆ 120 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 33 ಮೀಟರ್. ಆ ಓಟದಲ್ಲಿ ಎಂಜಿನ್ ಸತ್ತರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಸಹಾಯ ಒಂದೆರಡು ಒತ್ತಿಗೆ ಮುಗಿಯುತ್ತದೆ. ಹಾಗಾಗಿ ಬಿಸಿಲನ್ನು ಬೈದು ಸುಮ್ಮನಾಗುವುದು ಅಪಾಯಕಾರಿ ಸೋಮಾರಿತನ. ಅಬ್ಬಾಸಿಯಾದಂಥ ಕಡೆ ಕಾರು ಮೂರು ನಾಲ್ಕು ಕೈ ದಾಟಿ ಬರುವಾಗ ರೀಕಾಲ್ ಪತ್ರ ಹಳೆಯ ಮಾಲೀಕನ ವಿಳಾಸದಲ್ಲೇ ಉಳಿದಿರಬಹುದು. ದಫ್ತರಿನಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ಇರುವ ಚಾಸಿ ನಂಬರನ್ನು ಅಧಿಕೃತ ಡೀಲರಿಗೆ ಕೊಟ್ಟು ವಿಚಾರಿಸಬಹುದು. ಸಾಮಾನ್ಯವಾಗಿ ಈ ದುರಸ್ತಿಗೆ ದುಡ್ಡಿಲ್ಲ. ಹಾಗೆಂದು ನಿಂತ ಕಾರಿಗೆಲ್ಲ ಹೊಸ ಪಂಪು ಹಾಕಿಸುವುದೂ ತಪ್ಪೇ. ಕಾದಾಗ ಆಫ್ ಆಗಿ ತಣಿದ ಮೇಲೆ ಸ್ಟಾರ್ಟ್ ಆಗುವ ಚಾಳಿ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿಗೂ ಇದೆ. ಶುವೈಖ್ ಗ್ಯಾರೇಜಿನಲ್ಲಿ ಪಂಪು ಬಿಚ್ಚುವ ಮೊದಲು ಫ್ಯುಯೆಲ್ ಲೈನಿಗೆ ಪ್ರೆಶರ್ ಗೇಜ್ ಕಟ್ಟಿಸಿ, ಎಂಜಿನ್ ಆಫ್ ಆಗುವ ಹೊತ್ತಿಗೆ ಮುಳ್ಳು ಎಲ್ಲಿದೆ ಎಂದು ನೋಡಬೇಕು.