ಮಾಳಿಗೆಯ ಮಣ್ಣು, ನೆರೆಯವರ ಹಕ್ಕು

ರಬಕವಿ-ಬನಹಟ್ಟಿಯ ಹಳೆಯ ನೇಕಾರ ಓಣಿಗಳಲ್ಲಿ ಮಾಳಿಗೆಗೆ ಮಾಳಿಗೆ ಹೊಂದಿಕೊಂಡಿರುತ್ತದೆ. ತೊಲೆ, ಜಂತಿಗಳ ಮೇಲೆ ದಪ್ಪನಾಗಿ ಬಡಿದ ಮಣ್ಣಿನ ಹೊದಿಕೆ ಅದು. ಮುಂಗಾರಿಗೆ ಮುನ್ನ ಸವಳು ಮಣ್ಣು ಹರಡುವುದು ವಾಡಿಕೆ. ಬೆಳೆಗೆ ಒಗ್ಗದ ಆ ಮಣ್ಣು ನೆನೆದಾಗ ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಒಬ್ಬರು ಹಾಕದಿದ್ದರೆ ಪಕ್ಕದವರ ಗೋಡೆಯೂ ನೆನೆಯುತ್ತದೆ. ಕುಣಿಮಗ್ಗಕ್ಕೆ ನೀರಿಳಿದರೆ ದುಡಿಮೆಯೇ ನಿಲ್ಲುತ್ತದೆ. ಕೈಲಾಗದವರ ಮಾಳಿಗೆಗೆ ನೆರೆಯವರೇ ಬುಟ್ಟಿ ಹೊತ್ತುದನ್ನು ಬಾಲ್ಯದಲ್ಲಿ ಕಂಡಿದ್ದೇನೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿದಾಗ ಜಮಖಂಡಿ, ಮುಧೋಳ ಭಾಗದ ಅನೇಕ ಮಣ್ಣಿನ ಮನೆಗಳು ಕುಸಿದವು. ಮಣ್ಣಿನ ಜಾಗಕ್ಕೆ ಈಗ ತಗಡು ಬರುತ್ತಿದೆ. ಸೋರುವ ಚಿಂತೆ ತಗ್ಗಿತು, ನಿಜ. ಆದರೆ ಹಗಲಿನ ಬಿಸಿಲನ್ನು ಇರುಳಿಗೆ ಕಾದಿಡುವ ಮಣ್ಣಿನ ಗುಣ ತಗಡಿಗಿಲ್ಲ. ಮಾಗಿಯ ನಸುಕಿನಲ್ಲಿ ಅದರಡಿ ಮಲಗಿದ ವೃದ್ಧರೂ ಹಸುಗೂಸುಗಳೂ ನಡುಗುತ್ತಾರೆ.

ಮದೀನಾದ ಮಸೀದಿಯ ಛಾವಣಿಯೂ ಖರ್ಜೂರದ ಗರಿಗಳದ್ದಾಗಿತ್ತು. ರಮಝಾನಿನ ಒಂದು ರಾತ್ರಿ ಅದು ಮಳೆಗೆ ಸೋರಿತು. ಸುಜೂದ್ ಮಾಡಿದ ಪ್ರವಾದಿ(ಸ)ಯವರ ಹಣೆಯಲ್ಲಿ ಕೆಸರಿನ ಗುರುತು ಕಂಡಿತೆಂದು ಹದೀಸ್ ತಿಳಿಸುತ್ತದೆ. ಬಡವರ ಸೂರನ್ನು ಹೀನವಾಗಿ ಕಾಣಲು ನಮಗೆಲ್ಲಿದೆ ಅಧಿಕಾರ?

ಸಹೋದರರೇ, ನಮ್ಮ ಸೀಮೆಯಲ್ಲಿ ಕಬ್ಬಿನ ರವದಿಗೆ ಕೊರತೆಯಿಲ್ಲ. ಈ ಚಳಿಗೆ ಪಕ್ಕದ ಮನೆಯ ತಗಡಿನ ಮೇಲೆ ನಾಲ್ಕು ಹೊರೆ ಹೊದಿಸಿ ಬನ್ನಿ. ಮಾಳಿಗೆಗಳು ಬೇರ್ಪಟ್ಟರೂ ನೆರೆಯವರ ಹಕ್ಕು ಹಾಗೆಯೇ ಉಳಿದಿದೆ.